ಮುರಿಗೆಪ್ಪ ಒಣಗಿದೆ ಎಂದ ಬೇವು

ತುಕ್ಕಾನಟ್ಟಿಯ ಮುರಿಗೆಪ್ಪ ಸರಪಳಿ ಕೊಳ್ಳಲು ಬಂದರೆ ಮೊದಲು ಅದನ್ನು ಮೂಸಿ ನೋಡುತ್ತಾನೆ. ಕಬ್ಬಿಣಕ್ಕೆ ಎಂಥ ವಾಸನೆ ಎಂದು ಉಳಿದ ಗಿರಾಕಿಗಳು ನಗುತ್ತಾರೆ.

"ನಗ್ರಿ, ನಗ್ರಿ. ಬೆಸಗಿ ಹಚ್ಚಿದ ಕೊಂಡಿ ಸುಟ್ಟ ವಾಸನಿ ಹೊಡಿತೈತಿ. ಸಾವಕಾರ್ರು ಅಂಥಾದ್ದನ್ನ ನಡುವ ಸೇರಿಸಿ ಮ್ಯಾಲೆ ಬಣ್ಣಾ ಹಚ್ಚಿರತಾರ" ಎನ್ನುತ್ತಾನೆ.

ಸಾವಕಾರ ಎಂದರೆ ನಾನೇ. ಯಮಕನಮರಡಿಯ ಹೆದ್ದಾರಿಯ ಬದಿಗೆ ಲಾರಿಗಳ ಹಳೆಯ ಸರಪಳಿ, ಉಕ್ಕಿನ ಹಗ್ಗ, ಟ್ರ್ಯಾಕ್ಟರಿನ ಬಿಡಿಭಾಗ ಮಾರುತ್ತೇನೆ. ಅವನ ಆಪಾದನೆ ಸುಳ್ಳೆಂದು ನಾನು ಎಂದೂ ಹೇಳಿಲ್ಲ, ಖರೆಯೆಂದೂ ಒಪ್ಪಿಲ್ಲ. ಇಷ್ಟು ವರ್ಷದ ಗಿರಾಕಿತನ ಆ ಎರಡರ ನಡುವೆಯೇ ಸುಖವಾಗಿ ನಡೆದಿದೆ.

ಮುರಿಗೆಪ್ಪನ ಕಸುಬು ಬೇರು ಕೀಳುವುದು. ನಮ್ಮ ಕಡೆ ಕಬ್ಬು ಹಚ್ಚಬೇಕೆಂದರೆ ಜನರಿಗೆ ಹೊಲದಲ್ಲಿ ಗಿಡವೊಂದು ನಿಂತಿರುವುದೇ ಕಣ್ಣಿಗೆ ಚುಚ್ಚುತ್ತದೆ. ನೆಲದ ಮೇಲಿನದ್ದಕ್ಕೆ ಗಿರಾಕಿಗಳು ಸಾಲುಗಟ್ಟಿ ಬರುತ್ತಾರೆ. ದಪ್ಪನೆಯದು ಕೊರೆಯುವ ಮಿಲ್ಲಿಗೆ, ಸಣ್ಣದು ಇಟ್ಟಿಗೆ ಭಟ್ಟಿಗೆ, ಸೊಪ್ಪು ಆಡುಗಳಿಗೆ. ನೆಲದೊಳಗೆ ಬೇರೂರಿ ಉಳಿದ ಬೊಡ್ಡೆ ಮಾತ್ರ ಯಾರಿಗೂ ಬೇಡ. ಅದು ಅಲ್ಲೇ ಕುಳಿತು ಬರುವ ನೇಗಿಲನ್ನೆಲ್ಲ ಮುರಿಯುತ್ತದೆ. ಆಗ ಮುರಿಗೆಪ್ಪನನ್ನು ಕರೆಯುತ್ತಾರೆ. ಜೆಸಿಬಿ ಬಂದ ಮೇಲೆ ಇವನ ಕೆಲಸ ಮುಗಿಯಿತು ಎಂದು ನಾನೂ ಲೆಕ್ಕ ಹಾಕಿದ್ದೆ. ಆದರೆ ಜೆಸಿಬಿ ಒಂದು ಬೊಡ್ಡೆ ಕೀಳಲು ಬಾವಿಯಷ್ಟು ತೋಡಿ, ಕೆಳಗಿನ ಬೆಳೆ ಬಾರದ ಸೌಳು ಮಣ್ಣನ್ನು ಮೇಲಕ್ಕೆ ತಂದು ಸುರಿದು ಹೋಗುತ್ತದೆ. ಮುರಿಗೆಪ್ಪ ತನ್ನ ಹಳೆಯ ಟ್ರ್ಯಾಕ್ಟರು, ಗೋಕಾಕದಲ್ಲಿ ಬಡಿಸಿದ ಒಂದು ಕೊಕ್ಕೆ, ನನ್ನ ಅಂಗಡಿಯ ಸರಪಳಿ ಇಷ್ಟರಲ್ಲೇ ಹಲ್ಲು ಕಿತ್ತಂತೆ ಕೀಳುತ್ತಾನೆ. ಮೂಡಲಗಿಯಿಂದ ಹುಕ್ಕೇರಿಯವರೆಗೆ ಅದಕ್ಕೇ ಅವನಿಗೆ ಇನ್ನೂ ಬೇಡಿಕೆ.

ಇನ್ನೊಂದು ಕಾರಣವೂ ಇತ್ತು. ಅವನ ಅಪ್ಪ ಶೆಟ್ಟೆಪ್ಪ ಎತ್ತು ಹೂಡಿ ಬೇರು ಕೀಳುತ್ತಿದ್ದವನು; ಸಾಯುವಾಗ ಮಗನಿಗೆ ಒಂದು ಕಟ್ಟಳೆ ಬಿಟ್ಟು ಹೋಗಿದ್ದ. ಸರಪಳಿ ಹಾಕುವ ಮೊದಲು ಬೊಡ್ಡೆಯ ಸುತ್ತ ಒಂದು ಸುತ್ತು ಬರಬೇಕು. ಕುಡುಗೋಲಿನ ತುದಿಯಿಂದ ತೊಗಟೆ ಕೆರೆಯಬೇಕು, ಬುಡದ ಮಣ್ಣು ಕೆದಕಬೇಕು. ಒಣಗಿದ್ದರೆ ನೀರು ಹಾಕಿ, ಕೈ ಮುಗಿದು, ಕಿತ್ತು ಬರಬೇಕು. ಹಸಿ ಕಂಡರೆ, ಒಂದು ಎಲೆ ಚಿಗುರಿದ್ದರೂ, ಅರಿಷಿಣ ಹಚ್ಚಿ ಬರಿಗೈಯಲ್ಲಿ ತಿರುಗಬೇಕು. ಬದುಕುವೆನೆಂದು ಹಟ ಹಿಡಿದದ್ದನ್ನು ಕೀಳಬಾರದು. ಮುರಿಗೆಪ್ಪ ಹಾಗೆ ಎಷ್ಟೋ ಸಲ ಎಷ್ಟೋ ಹೊಲದಿಂದ ಡೀಸೆಲ್ ಸುಟ್ಟುಕೊಂಡು ಸುಮ್ಮನೆ ಹಿಂದಿರುಗಿದ್ದಾನೆ. ಆ ಹೊಲದವರು ಬೈದಿದ್ದಾರೆ. ಆದರೆ ಅದೇ ಜನ, ಮುರಿಗೆಪ್ಪ ಒಣಗೇತಿ ಅಂದರೆ ಒಣಗಿದೆ, ಹಸಿ ಅಂದರೆ ಹಸಿ ಎಂದು ನಂಬುತ್ತಿದ್ದರು. ನಷ್ಟ ಮಾಡಿಕೊಳ್ಳುವವನ ಮಾತಿಗೆ ಊರಲ್ಲಿ ಬೆಲೆ ಹೆಚ್ಚು. ನಾನು ಆ ದಾರಿ ತುಳಿದಿಲ್ಲ, ಹಾಗಾಗಿ ನನ್ನ ಸರಪಳಿಯನ್ನು ಮೂಸಿ ನೋಡುತ್ತಾರೆ.

ಇನ್ನು ಮುಂದಿನದ್ದು ಮುರಿಗೆಪ್ಪನೇ ನನ್ನ ಅಂಗಡಿಯ ಬಾಕಿನ ಮೇಲೆ ಕೂತು ಹೇಳಿದ್ದು. ಜೊತೆಗೆ ಬಂದಿದ್ದ ಅವನ ಹೆಂಡತಿ ರಾಜೇಶ್ವರಿ ನಡುನಡುವೆ ತಿದ್ದಿದ್ದು. ಆಕೆ ತಿದ್ದಿದ ಕಡೆ ನಾನು ಆಕೆಯದ್ದನ್ನೇ ನಂಬಿದ್ದೇನೆ.

ಅವರ ಊರಲ್ಲಿ ಶಿವಗಂಗವ್ವ ಎಂಬ ಮುದುಕಿ ಇದ್ದಾಳೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಹೊಲದಲ್ಲಿ ಅರ್ಧ ಆಕೆಯದು, ಇನ್ನರ್ಧ ಮೈದುನನ ಮಗ ಮಲ್ಲೇಶನದು. ಉಳುವವನು ಮಲ್ಲೇಶ ಒಬ್ಬನೇ. ಆ ಹೊಲದ ನಡುವೆ ಒಂದು ಬೇವಿನ ಮರ ಇತ್ತು. ಸುತ್ತಲಿನ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರೆಲ್ಲ ಮಧ್ಯಾಹ್ನ ಬುತ್ತಿ ಬಿಚ್ಚುವುದು ಅದರ ಕೆಳಗೆ. ನಡುವೆ ಶಿವಗಂಗವ್ವ. ಯಾರ ಮನೆಯಲ್ಲಿ ಹುಡುಗಿ ದೊಡ್ಡವಳಾದಳು, ಯಾರ ಮಗನಿಗೆ ಕುಡಿಯುವ ಚಟ ಇಲ್ಲ, ಎಲ್ಲವೂ ರೊಟ್ಟಿ ಮುರಿಯುತ್ತ ಅಲ್ಲಿ ಇತ್ಯರ್ಥವಾಗುತ್ತಿತ್ತು. ಆ ನೆರಳಿನಲ್ಲಿ ಆಕೆ ಕುದುರಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ಕೆಡಿಸಿದವೂ ಕೆಲವಿವೆ ಎನ್ನುತ್ತಾರೆ. ಮುರಿಗೆಪ್ಪ–ರಾಜೇಶ್ವರಿಯರದೂ ಅಲ್ಲೇ ಕುದುರಿದ್ದು.

"ಆಗ ಇವರು ಹಲ್ಲ ಕಿಸಕೊಂಡ ಟ್ರ್ಯಾಕ್ಟರ್ ಮ್ಯಾಲೆ ಕುಂತಿದ್ರು" ಎಂದಳು ರಾಜೇಶ್ವರಿ.

"ಎತ್ತಿನ ಗಾಡಿ ಮ್ಯಾಲೆ" ಎಂದ ಮುರಿಗೆಪ್ಪ.

"ಹಲ್ಲಂತೂ ಕಿಸದಿದ್ರಿ."

ಹೋದ ಸಂಕ್ರಾಂತಿ ಮುಗಿದ ಮೇಲೆ ಶಿವಗಂಗವ್ವ ಹುಕ್ಕೇರಿಯಲ್ಲಿರುವ ಮಗಳು ಲಕ್ಷ್ಮೀಯ ಮನೆಗೆ ಹೋದಳು. ಮಲ್ಲೇಶ ಅದನ್ನೇ ಕಾಯುತ್ತಿದ್ದವನಂತೆ ಮರ ಕಡಿಸಿದ. ಕಬ್ಬಿನ ಸಾಲು ನಡುವೆ ತುಂಡಾಗುತ್ತದೆ, ನೆರಳಿಗೆ ಬೆಳೆ ಏಳುವುದಿಲ್ಲ ಎಂಬುದು ಅವನ ಮಾತು, ಸುಳ್ಳಲ್ಲ. ಮುದುಕಿ ತಿರುಗಿ ಬಂದಾಗ ಬೊಡ್ಡೆ ಒಂದೇ ಉಳಿದಿತ್ತು. ಆಕೆ ಅಳಲಿಲ್ಲ, ಬೈಯಲಿಲ್ಲ. ಹೋಗಿ ಅದರ ಮೇಲೆ ಕೂತಳು.

"ಏಳ ದೊಡವ್ವಾ, ಮಂದಿ ನೋಡಾಕತ್ತಾರ" ಎಂದ ಮಲ್ಲೇಶ.

"ನೋಡ್ಲಿ. ಇದನ್ನ ಕೀಳಾಕ ಬಂದ್ರ ನನ್ನೂ ಇದರ ಜೋಡಿ ಸರಪಳ್ಯಾಗ ಕಟ್ಟ."

ಕೊನೆಗೆ ಊರ ಹಿರಿಯ ದುರ್ಗಪ್ಪ ನಡುವೆ ಬಂದ. ಯುಗಾದಿಯವರೆಗೆ ಬೊಡ್ಡೆ ಇರಲಿ. ಬೇವು ಚಿಗುರುವ ಕಾಲ ಅದು. ಚಿಗುರಿತೋ, ಅಷ್ಟು ಜಾಗ ಬಿಟ್ಟು ಮಲ್ಲೇಶ ಕಬ್ಬು ಹಚ್ಚಬೇಕು. ಚಿಗುರಲಿಲ್ಲವೋ, ಮುದುಕಿ ತುಟಿ ಬಿಚ್ಚದೆ ಕೀಳಗೊಡಬೇಕು. ನೋಡಿ ಹೇಳುವವರು ಯಾರು? ಮಲ್ಲೇಶ, ಶಿವಗಂಗವ್ವ ಇಬ್ಬರೂ ಒಮ್ಮೆಲೇ ಒಂದೇ ಹೆಸರು ಹೇಳಿದರಂತೆ, ಮುರಿಗೆಪ್ಪನದು. ಅವರಿಬ್ಬರೂ ಒಪ್ಪಿದ ಸಂಗತಿ ಅದೊಂದೇ ಎಂದು ದುರ್ಗಪ್ಪ ಈಗಲೂ ನಗುತ್ತಾನೆ.

ಅಂದಿನಿಂದ ಮುದುಕಿ ದಿನಾ ಒಂದು ಕೊಡ ನೀರು ಹೊತ್ತು ಹೋಗಿ ಆ ಬೊಡ್ಡೆಗೆ ಹಾಕಿದಳು. ಸತ್ತವನ ಬಾಯಿಗೆ ನೀರು ಬಿಡುತ್ತಾಳೆ ಎಂದು ಮಲ್ಲೇಶ ಚೇಷ್ಟೆ ಮಾಡಿದ.

ಯುಗಾದಿ ದಾಟಿತು. ಮುರಿಗೆಪ್ಪ ಟ್ರ್ಯಾಕ್ಟರು ತಂದ. ಹೊಲದ ತುಂಬ ಜನ. ಇಷ್ಟು ದಪ್ಪ ಬೊಡ್ಡೆಯನ್ನು ಈ ಹಳೆಯ ಗಾಡಿ ಎಳೆಯುತ್ತದೋ ಇಲ್ಲವೋ ಎಂಬುದೇ ಊರಲ್ಲಿ ನಾಲ್ಕು ದಿನದಿಂದ ಚರ್ಚೆ. ಮಲ್ಲೇಶ ಇವನ ಜೊತೆ ಸಾಲಿ ಕಲಿತವನು, ಬಾಯಿ ಸುಮ್ಮನಿರಲಿಲ್ಲ.

"ದೋಸ್ತಾ, ಆಗಂಗಿಲ್ಲ ಅಂದ್ರ ಈಗ ಹೇಳಿಬಿಡ. ಜೆಸಿಬಿಯಂವ ಮೂಡಲಗ್ಯಾಗ ನಿಂತಾನ, ಒಂದ ಫೋನ್ ಅಷ್ಟ. ಆಮ್ಯಾಲೆ ಹಸಿ ಐತಿ ಗಿಸಿ ಐತಿ ಅಂತ ನೆಪಾ ಹೇಳಬ್ಯಾಡ."

ಜನ ನಕ್ಕರು. ಮುರಿಗೆಪ್ಪನೂ ನಕ್ಕ. ಆದರೆ ಆ ಮಾತು ಮುಳ್ಳಿನಂತೆ ಒಳಗೆ ಹೋಗಿ ಕೂತಿತು. ಈಗ ಹಸಿ ಎಂದರೆ, ಗಾಡಿಗೆ ತಾಕತ್ತಿಲ್ಲ, ಅದಕ್ಕೇ ಹಸಿ ಅಂದ ಎನ್ನುತ್ತಾರೆ. ದೇವರೇ ಇದು ಒಣಗಿರಲಿ ಎಂದುಕೊಳ್ಳುತ್ತ ಕುಡುಗೋಲು ಹಿಡಿದು ಸುತ್ತು ಹೊರಟ. ತೊಗಟೆ ಕೆರೆದ. ಕಂದು, ಒಣಗಿದೆ. ಇನ್ನೊಂದು ಬದಿ ಕೆರೆದ. ಅದೂ ಒಣ. ಜನ ಇದ್ದ ಕಡೆಯಿಂದ ಆಚೆ ಬದಿಗೆ ಬಂದಾಗ ಬುಡದಲ್ಲಿ ಒಂದು ಹಿಡಿ ಒದ್ದೆ ಮಣ್ಣು ಗುಪ್ಪೆಯಾಗಿತ್ತು. ಕುಡುಗೋಲಿನ ತುದಿಯಿಂದ ಸರಿಸಿದ. ಕೆಳಗೆ ತಾಮ್ರದ ಬಣ್ಣದ ಎರಡು ಎಲೆ. ಹುಟ್ಟಿದ ಕೂಸಿನ ಕಿವಿಯಂತೆ ಇನ್ನೂ ಮಡಿಚಿಕೊಂಡಿದ್ದವು.

ಅವನು ನೆಟ್ಟಗಾದ. ಎಡಗಾಲನ್ನು ತಂದು ಅದರ ಮೇಲಿಟ್ಟ. ಬೆವರು ಒರೆಸಿಕೊಳ್ಳುವವನಂತೆ ಟಾವೆಲ್ಲಿನಿಂದ ಮುಖ ಒರೆಸಿಕೊಂಡ. ಹಿಮ್ಮಡಿಯನ್ನು ಒಮ್ಮೆ ತಿರುವಿದ.

"ಒಣಗೇತಿ" ಎಂದ.

ಶಿವಗಂಗವ್ವ ಜನರಿಂದ ಬೇರೆಯಾಗಿ ಬದಿಯ ಒಡ್ಡಿನ ಮೇಲೆ ಕೂತಿದ್ದಳು. "ಚಂದಗೆ ನೋಡಿದಿ ಏನಪಾ ಮುರಿಗಿ? ಆ ಕಡಿನೂ?"

"ನೋಡೀನಿ ಆಯಿ."

"ಹಂಗಾರ ಆತು." ಆಕೆ ಎದ್ದು ಬಂದು ಬೊಡ್ಡೆಗೆ ವಿಭೂತಿ ಹಚ್ಚಿ ಹಿಂದೆ ಸರಿದು ನಿಂತಳು. ಬೇರೆ ಮಾತಾಡಲಿಲ್ಲ. ಕರಾರೇ ಹಾಗಿತ್ತಲ್ಲ.

ಆಮೇಲಿನದ್ದು ಮುರಿಗೆಪ್ಪನ ಜೀವಮಾನದ ದೊಡ್ಡ ಕೆಲಸ. ಸುತ್ತ ಗುಂಡಿ ತೋಡಿ, ಬದಿಯ ಬೇರುಗಳನ್ನು ಕೊಡಲಿಯಿಂದ ಕಡಿದು, ಸರಪಳಿಯನ್ನು ಸುತ್ತಿ ಕೊಕ್ಕೆ ಸಿಕ್ಕಿಸಿ, ಸಣ್ಣ ಗೇರಿನಲ್ಲಿ ಎಳೆದ. ಮುಂದಿನ ಗಾಲಿಗಳು ಎದ್ದವು. ಇಬ್ಬರು ಹೋಗಿ ಬಂಪರಿನ ಮೇಲೆ ನಿಂತರು. ಹಿಂದಿನ ಗಾಲಿಗಳು ಮಣ್ಣು ಉಗುಳಿದವು. ನೆಲದೊಳಗಿನಿಂದ ದನ ನರಳಿದಂಥ ದನಿ ಬಂದು, ಬೊಡ್ಡೆ ಒಂದು ಕಡೆ ವಾಲಿ, ಬೇರುಗಳನ್ನು ಹರಿದುಕೊಂಡು ಮೇಲೆದ್ದಿತು. ಜನ ಸೀಟಿ ಹೊಡೆದರು. ಮಲ್ಲೇಶನೇ ಓಡಿ ಬಂದು ಇವನನ್ನು ಎತ್ತಿಕೊಂಡ. ನನ್ನ ಸರಪಳಿ ಅಂದು ಹರಿಯಲಿಲ್ಲ. ಹರಿದಿದ್ದರೆ ಚಲೋ ಇತ್ತು ಎಂದು ಮುರಿಗೆಪ್ಪ ಆಮೇಲೆ ನನ್ನನ್ನೇ ಬೈದ. ಮಾಲು ಗಟ್ಟಿಯಿದೆ ಎಂದು ಬೈಸಿಕೊಂಡದ್ದು ಅದೇ ಮೊದಲು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಎಡಗಾಲಿನ ಹಿಮ್ಮಡಿಗೆ ಹಸಿರು ರಸ ಅಂಟಿತ್ತು. ರಾಜೇಶ್ವರಿ ಏನೆಂದು ಕೇಳಿದಳು. ಹುಲ್ಲು ಎಂದ. ಸುಳ್ಳು ಒಂದಕ್ಕೇ ನಿಲ್ಲುವುದಿಲ್ಲ ನೋಡಿ.

ಅಂದಿನಿಂದ ಶಿವಗಂಗವ್ವ ಹೊಲಕ್ಕೆ ಹೋಗುವುದು ಬಿಟ್ಟಳು. ಹೆಂಗಸರು ಒಡ್ಡಿನ ಮೇಲೆ ಬಿಸಿಲಲ್ಲೇ ತಲೆಗೆ ಸೆರಗು ಹಾಕಿಕೊಂಡು, ಮೂರು ತುತ್ತು ನುಂಗಿ ಎದ್ದುಬಿಡುತ್ತಿದ್ದರು. ಮಾತಿಗೆ ನೆರಳು ಬೇಕು. ಮುದುಕಿ ಮನೆಯ ಪಡಸಾಲೆಯಲ್ಲಿ ಒಬ್ಬಳೇ ಕೂರುತ್ತಿದ್ದಳು. ಮುರಿಗೆಪ್ಪ ಆ ಓಣಿಯಲ್ಲಿ ಟ್ರ್ಯಾಕ್ಟರು ಒಯ್ಯುವುದನ್ನು ಬಿಟ್ಟು ಕೆರೆಯನ್ನು ಸುತ್ತು ಹಾಕಿ ಮನೆಗೆ ಬರತೊಡಗಿದ.

ಇಲ್ಲಿಂದ ಅವನ ಕಸುಬು ಕೆಟ್ಟಿತು. ಹುಕ್ಕೇರಿ ಕಡೆಯ ಒಬ್ಬ ರೈತ ಜಾಲಿ ಬೊಡ್ಡೆ ಕೀಳಲು ಕರೆದ. ಮುರಿಗೆಪ್ಪ ಸುತ್ತು ಬಂದು, ಕೆರೆದು, ಮೊಣಕಾಲೂರಿ ಮೂಸಿ, ಹಸಿ ಇರಬಹುದು ಎಂದು ತಿರುಗಿ ಬಂದ. ಆ ಬೊಡ್ಡೆಗೆ ಗೆದ್ದಲು ಹಿಡಿದು ಪುಡಿ ಉದುರುತ್ತಿತ್ತಂತೆ. ಇನ್ನೊಂದು ಕಡೆ ಹುಣಸೆಯ ಬೊಡ್ಡೆ. ಅರ್ಧ ಸುಟ್ಟು ಕರಿಯಾಗಿತ್ತು. ಅದಕ್ಕೂ ಅರಿಷಿಣ ಹಚ್ಚಿ ಬಂದ. ಆ ಹುಣಸೆ ಹೊಲದ ರೈತ ಬಸ್ಸು ಹತ್ತಿ ನನ್ನ ಅಂಗಡಿಗೇ ಬಂದ.

"ಸಾವಕಾರ್ರ, ನಿಮ್ಮ ಮುರಿಗೆಪ್ಪಗ ಕಣ್ಣ ಹೋಗ್ಯಾವೋ ತಲಿ ಹೋಗೈತೋ? ಇದ್ದಲಿಗೆ ಹಸಿ ಅಂತಾನಲ್ರಿ!"

ಅದೇ ವಾರ ಮುರಿಗೆಪ್ಪ ಬಂದು ಸರಪಳಿಯನ್ನು ನನ್ನ ಮುಂದೆ ಸುರುವಿದ. "ಇದನ್ನ ಇಟ್ಕೋರಿ. ನನಗ ಬ್ಯಾಡ."

"ಮಾರಿದ ಮಾಲು ನಾನು ತಿರುಗಿ ತಗೊಳ್ಳೂದಿಲ್ಲ. ನಮ್ಮ ಅಪ್ಪಾರ ಕಟ್ಟಳಿ ಅದು" ಎಂದೆ.

ನಗಿಸಲು ಹೇಳಿದ್ದು. ಅವನು ನಗಲಿಲ್ಲ. "ಅಪ್ಪನ ಕಟ್ಟಳಿ" ಎಂದಷ್ಟೇ ಅಂದು, ಸರಪಳಿಯನ್ನು ಅಲ್ಲೇ ಬಿಟ್ಟು ಹೋದ. ನಾನು ಅದನ್ನು ಮೊಳೆಗೆ ತೂಗುಹಾಕಿದೆ. ಮಾರಲಿಲ್ಲ. ಕೇಳಿದವರು ಇರಲಿಲ್ಲ ಎಂಬುದೂ ಖರೆ.

ಮಳೆಗೆ ಮೊದಲು ಒಮ್ಮೆ ಗೋಕಾಕಕ್ಕೆ ಹೋದವನು ಕರದಂಟು ಕಟ್ಟಿಸಿಕೊಂಡು ನೇರ ಶಿವಗಂಗವ್ವನ ಮನೆಗೆ ಹೋದ. ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದನಂತೆ. ಪೊಟ್ಟಣ ಮುಂದಿಟ್ಟ.

ಮುದುಕಿ ಬಿಚ್ಚಿ ನೋಡಿದಳು. "ಬಾಯಾಗ ಒಂದ ಹಲ್ಲಿಲ್ಲ, ಕರದಂಟ ತಂದೀಯಲ್ಲೋ. ನನ್ನ ಮ್ಯಾಲೆ ಏನ ಸಿಟ್ಟೈತಿ ನಿನಗ?"

"ಚೀಪ ಆಯಿ. ಕರಗತೈತಿ."

"ಕರಗೂ ತನಕ ನಾ ಇರಬೇಕಲ್ಲ." ಅವನ ಮುಖವನ್ನೇ ನೋಡುತ್ತ ಕೂತಳು. "ಮತ್ತೇನರ ಹೇಳೂದೈತೇನು?"

"ಇಲ್ಲ ಆಯಿ. ಸುಮ್ನ ಬಂದಿದ್ದೆ" ಎಂದವನೇ ಎದ್ದು ಹೊರಟ. ಹೊರಗೆ ಬಂದ ಮೇಲೆ ಚಪ್ಪಲಿ ಅಲ್ಲೇ ಬಿಟ್ಟದ್ದು ನೆನಪಾಯಿತು. ತರಲು ತಿರುಗಿ ಹೋಗುವ ಧೈರ್ಯ ಬರಲಿಲ್ಲ.

"ನಾನ ಹೋಗಿ ತಂದೆ. ಒಂದೂ ಮಾತ ಕೇಳಲಿಲ್ಲ ಆಯಿ. ಚಪ್ಪಲಿ ತೊಳದ ಇಟ್ಟಿದ್ದಳು" ಎಂದು ರಾಜೇಶ್ವರಿ ಸೇರಿಸಿದಳು.

ಮೊದಲ ಮಳೆ ಬಿತ್ತು. ಮಲ್ಲೇಶ ಕಬ್ಬಿಗೆ ಹೊಲ ಹಸನು ಮಾಡಲು ನೇಗಿಲು ಹೂಡಿದ. ನೆಲದೊಳಗೆ ಉಳಿದ ಬೇವಿನ ಬೇರಿಗೆ ತಾಗಿ ನೇಗಿಲಿನ ಮೂತಿ ಮುರಿಯಿತು. ಸಿಟ್ಟಾಗಿ ಮುರಿಗೆಪ್ಪನ ಮನೆಯ ಮುಂದೆ ಬಂದು ನಿಂತ.

"ದೋಸ್ತಾ, ಹಲ್ಲ ಕಿತ್ತಿ, ಬೇರು ದವಡ್ಯಾಗ ಬಿಟ್ಟಿ. ಬಂದ ತಗದ ಹೋಗ. ಕೆಲಸ ಅಂದ್ರ ಪೂರಾ ಆಗಬೇಕ."

ಹೋಗುವುದಿಲ್ಲ ಎನ್ನಲು ಕಾರಣ ಹೇಳಬೇಕಾಗುತ್ತದೆ. ಮುರಿಗೆಪ್ಪ ನನ್ನ ಅಂಗಡಿಗೆ ಬಂದು ಮೊಳೆಯಿಂದ ಸರಪಳಿ ಇಳಿಸಿಕೊಂಡು ಹೋದ. ಆ ದಿನ ಮೂಸಿ ನೋಡಲಿಲ್ಲ.

ಉಳಿದ ಬೇರುಗಳನ್ನು ತೆಗೆಯುವುದು ಬೊಡ್ಡೆ ಕಿತ್ತಂತಲ್ಲ. ಹಾರೆಯಿಂದ ಕೆದಕಿ ತುದಿ ಹುಡುಕಬೇಕು. ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಬೇರು ನಡುವೆ ಹರಿದು ಉಳಿದರ್ಧ ಒಳಗೇ ಕೂರುತ್ತದೆ. ಸಣ್ಣವು ಒಂದೊಂದಾಗಿ ಬಂದವು. ಕೊನೆಗೆ ತೊಡೆಯಷ್ಟು ದಪ್ಪದ್ದೊಂದು ಸಿಕ್ಕಿತು. ಅದು ಹೊಲದ ನಡುವಿನಿಂದ ನೀರಿನ ಕಾಲುವೆಯ ಕಡೆಗೆ ಹರಿದುಹೋಗಿತ್ತು. ಮುರಿಗೆಪ್ಪ ಕೊಕ್ಕೆ ಹಾಕಿ ಗಾಡಿ ಮುಂದೆ ಬಿಟ್ಟ, ತಿರುಗಿ ನೋಡುತ್ತ. ಎಳೆದಂತೆಲ್ಲ ಮಣ್ಣು ಉದ್ದಕ್ಕೆ ಗೆರೆಯಾಗಿ ಬಿರಿಯುತ್ತ ಹೋಯಿತು. ಗೆರೆ ಕಾಲುವೆಯ ಹತ್ತಿರ ಮುಟ್ಟಿದಾಗ, ಅಲ್ಲಿನ ಹುಲ್ಲಿನ ನಡುವೆ ನಿಂತಿದ್ದ ನಾಲ್ಕೈದು ಎಳೆಯ ಕಡ್ಡಿಗಳು ಗಾಳಿ ಇಲ್ಲದೆ ನಡುಗಿದವು.

ಬೇವು. ಗೇಣುದ್ದ ಆಗಿತ್ತು. ತುದಿಯಲ್ಲಿ ಅದೇ ತಾಮ್ರದ ಬಣ್ಣ.

ಮುರಿಗೆಪ್ಪ ಗಾಡಿ ನಿಲ್ಲಿಸಿದ. ನಡುಕ ನಿಂತಿತು. ಕ್ಲಚ್ ಬಿಟ್ಟು ಒಂದು ಕೂದಲೆಳೆಯಷ್ಟು ಮುಂದೆ ಹೋದ. ಮತ್ತೆ ನಡುಗಿದವು. ಇಂಜಿನ್ ಬಂದ್ ಮಾಡಿಬಿಟ್ಟ.

"ಯಾಕೋ, ಡೀಸೆಲ್ ತೀರಿತೇನು?" ಮಲ್ಲೇಶ ಒಡ್ಡಿನ ಮೇಲಿಂದ ಕೂಗಿದ.

"ಹಸಿ ಐತಿ."

"ಏನ ಹಸಿ? ಬೇರಿಗೂ ನಿಮ್ಮಪ್ಪನ ಕಟ್ಟಳೀನ?"

"ಈ ಬೇರು ಹಸಿ ಐತಿ. ಆ ಬೊಡ್ಡಿನೂ ಅವತ್ತ ಹಸಿ ಇತ್ತು ಮಲ್ಲೇಶಿ. ಎರಡ ಎಲಿ ಇದ್ದವು. ನಾ ಕಾಲಿಟ್ಟ ಹೊಸಕಿದೆ."

ಮಲ್ಲೇಶ ಇಳಿದು ಹತ್ತಿರ ಬಂದ. ಬಗ್ಗಿ ಕಡ್ಡಿಗಳನ್ನು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಯಾರಿಗೆ ಗೊತ್ತೈತಿ? ನಿನಗ ಒಬ್ಬಗ. ನಾ ಅಂತೂ ಈಗ ಏನೂ ಕೇಳೇ ಇಲ್ಲ. ಹೋಗಿದ್ದ ಹೋತು. ಇದೊಂದ ಎಳದ ಒಗಿ, ನಡಿ ಚಾ ಕುಡಿಯೋಣು."

ಮಲ್ಲೇಶ ಕೆಟ್ಟವನಲ್ಲ. ಗೆಳೆಯನನ್ನು ಉಳಿಸಲು ಅವನಿಗೆ ಹೊಳೆದ ದಾರಿ ಅದು. ನನ್ನನ್ನು ಕೇಳಿದ್ದರೆ ನಾನೂ ಬಹುಶಃ ಅದನ್ನೇ ಹೇಳುತ್ತಿದ್ದೆ. ಮುರಿಗೆಪ್ಪ ಗಾಡಿಯನ್ನು ಹಿಂದೆ ತೆಗೆದುಕೊಂಡು ಸರಪಳಿ ಸಡಿಲಿಸಿದ, ಕೊಕ್ಕೆ ಬಿಡಿಸಿದ, ಬಿರಿದ ಗೆರೆಗೆ ಕಾಲಿನಿಂದ ಮಣ್ಣು ತುಂಬಿದ. ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ಊರೊಳಕ್ಕೆ ನಡೆದ. ಕೆರೆ ಸುತ್ತಲಿಲ್ಲ.

ಶಿವಗಂಗವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಇವನು ಹೊಸ್ತಿಲ ಹೊರಗೇ ನಿಂತು ಒಂದೇ ಉಸಿರಿಗೆ ಹೇಳಿದ.

"ಆಯಿ, ಅವತ್ತ ಬೊಡ್ಡಿ ಚಿಗತಿತ್ತು. ನಾ ಸುಳ್ಳ ಹೇಳಿದೆ."

ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ."

"ಯಾರ ಹೇಳಿದ್ರು? ಮಲ್ಲೇಶಿಗೆ ಈಗಷ್ಟ..."

"ಯಾರ ಹೇಳಬೇಕೋ? ಆ ಚಿಗುರಿನ ಮ್ಯಾಲೆ ಹಸಿ ಮಣ್ಣ ಮುಚ್ಚಿದಾಕಿನ ನಾನು. ಹಿಂದಿನ ದಿನಾ ನೀರ ಹಾಕುವಾಗ ಕಂಡಿತು. ಆಡು ತಿಂದಾವು ಅಂತ ಮುಚ್ಚಿ ಬಂದಿದ್ದೆ. ನೀ ಕಾಲ ಇಟ್ಟದ್ದೂ ನೋಡೀನಿ. ಎಡಗಾಲ."

ಮುರಿಗೆಪ್ಪ ಹೊಸ್ತಿಲ ಮೇಲೆ ಕೂತ. "ನೋಡಿ ಮತ್ತ ಸುಮ್ಮಕ ಯಾಕ ಇದ್ದಿ ಆಯಿ? ಒಂದ ಮಾತ ಅಂದಿದ್ರ ಗಿಡ ಉಳೀತಿತ್ತಲ್ಲ?"

"ಗಿಡ ಉಳೀತಿತ್ತು. ನೀ ಉಳೀತಿದ್ದಿಲ್ಲ." ಮುದುಕಿ ಮೊರ ತಿರುವಿ ಸಿಪ್ಪೆ ಊದಿದಳು. "ಮುರಿಗೆಪ್ಪ ಸುಳ್ಳ ಹೇಳ್ಯಾನ ಅಂತ ನಾನ ಬಾಯಿ ತಗದಿದ್ರ ನಿನಗ ಯಾರ ಕರೀತಿದ್ರು? ಆ ಹುಡಿಗೀನ ನಿನಗ ಗಂಟ ಹಾಕಿದಾಕಿ ನಾನು. ಹುಡಗನ ಕಡಿ ಆಸ್ತಿ ಇಲ್ಲ, ರೂಪ ಅಂತೂ ನೀವ ನೋಡೀರಿ, ಆದ್ರ ಖರೆ ಮಾತಿನಾಂವ ಅಂತ ಅವರಪ್ಪಗ ಅದ ಗಿಡದ ಬುಡಕ ಮಾತ ಕೊಟ್ಟೀನಿ. ನೀ ಸುಳ್ಳಾದ್ರ ನಾನೂ ಸುಳ್ಳಾಗ್ತಿದ್ದೆ. ನಿನ್ನ ಸುಳ್ಳಾ ನಾನ ನುಂಗಿದೆ."

"ತಪ್ಪಾತ ಆಯಿ."

"ಕರದಂಟ ತಂದಾಗ ಹೇಳ್ತಿ ಅಂತ ಮಾಡಿದ್ದೆ. ಬರಿಗಾಲಲೆ ಓಡಿದಿ."

"ತಪ್ಪಾತು."

"ನನಗ ಹೇಳಿದ್ರ ಏನ ಬಂತು? ನನಗ ಗೊತ್ತಿದ್ದದ್ದ. ಗೊತ್ತಿಲ್ಲದವರಿಗೆ ಹೇಳ ಹೋಗ. ಅವತ್ತ ಯಾರ ಸೀಟಿ ಹೊಡದ್ರಲ್ಲ, ಅವರಿಗೆ."

ಮುರಿಗೆಪ್ಪ ಕಾಲುವೆಯ ಬದಿಯ ಚಿಗುರಿನ ಸುದ್ದಿ ಹೇಳಿದ. ಆಗ ಮಾತ್ರ ಆಕೆಯ ಕೈ ನಿಂತಿತು. ಮೊರವನ್ನು ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು.

ಮರುದಿನ ಬುತ್ತಿ ಬಿಚ್ಚುವ ಹೊತ್ತಿಗೆ ಅದೇ ಹೊಲದಲ್ಲಿ ಅದೇ ಜನ ಸೇರಿದರು. ದುರ್ಗಪ್ಪನನ್ನು ಮುರಿಗೆಪ್ಪನೇ ಕರೆತಂದಿದ್ದ. ಬೊಡ್ಡೆ ಕಿತ್ತ ಗುಂಡಿ ಇದ್ದ ಜಾಗದಲ್ಲಿ ನಿಂತು ಅವನು ಹೇಳಿದ. ಉದ್ದ ಹೇಳಲಿಲ್ಲ. ಚಿಗುರಿತ್ತು, ಗಾಡಿಗೆ ತಾಕತ್ತಿಲ್ಲ ಅಂತೀರಿ ಎಂದು ಅಂಜಿ ತುಳಿದೆ, ಒಣಗೇತಿ ಅಂದೆ. ಅಷ್ಟೇ. ಯಾರೋ ಒಬ್ಬ ನಕ್ಕ, ಉಳಿದವರು ನಗದಿದ್ದದ್ದು ನೋಡಿ ನಿಲ್ಲಿಸಿದ. ರಾಜೇಶ್ವರಿ ಹೆಂಗಸರ ನಡುವೆ ತಲೆ ತಗ್ಗಿಸಿ ನಿಂತಿದ್ದಳು.

ಹಿಂದಿನಿಂದ ಬಾಳವ್ವ ಎಂಬ ಹೆಂಗಸು ಮೆಲ್ಲಗೆ ಕೇಳಿದಳು: "ಹಂಗಾರ ಹೋದ ವರ್ಷ ನಮ್ಮ ಹುಣಸಿ ಕಿತ್ತೆಲ್ಲೋ ಯಣ್ಣಾ, ಅದು ಖರೇನ ಒಣಗಿತ್ತೇನು?"

"ಒಣಗಿತ್ತವ್ವಾ. ಆಣಿ ಮಾಡಿ ಹೇಳ್ತೇನಿ."

"ಹೂಂ" ಎಂದಳು ಬಾಳವ್ವ. ಅದು ಹೂಂ ಅಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಅಲ್ಲಿಯವರೆಗೆ ಆಣೆ ಮಾಡುವ ಅವಶ್ಯಕತೆಯೇ ಅವನಿಗೆ ಬಂದಿರಲಿಲ್ಲ. ಅದೊಂದು ಪ್ರಶ್ನೆಗೆ ಕಿತ್ತ ಬೊಡ್ಡೆಗಳೆಲ್ಲ ಒಮ್ಮೆಲೇ ಎದ್ದು ಬಂದು ತನ್ನ ಮುಂದೆ ಸಾಲಾಗಿ ಕೂತಂತಾಯಿತು ಎಂದು ಮುರಿಗೆಪ್ಪ ಬಾಕಿನ ಮೇಲೆ ಕೂತು ಹೇಳಿದ. ರಾಜೇಶ್ವರಿ ಅಲ್ಲಿ ತಿದ್ದಲಿಲ್ಲ.

ದುರ್ಗಪ್ಪ ಮಲ್ಲೇಶನ ಕಡೆ ತಿರುಗಿದ. "ಏನಪಾ, ನಮ್ಮ ಕರಾರ ಬೊಡ್ಡಿಗೆ ಆಗಿತ್ತೋ, ಚಿಗುರಿಗೆ ಆಗಿತ್ತೋ?"

ಮಲ್ಲೇಶ ಆಕಾಶ ನೋಡಿದ, ಕಾಲುವೆ ನೋಡಿದ, ದೊಡ್ಡವ್ವನನ್ನು ನೋಡಿದ. "ಚಿಗುರಿಗೆ" ಎಂದ. "ಆದ್ರ ಒಂದ ಮಾತ ದೊಡವ್ವಾ. ಅಲ್ಲಿ ಕುಂತ ನನ್ನ ಮಗನ ಮದುವಿ ಗಿದುವಿ ಮುರದ್ರ, ಅದನ್ನೂ ಕೀಳಸ್ತೇನಿ ನೋಡ."

"ನಿನ್ನ ಮಗನ್ನ ಹೊಂದಸೂದ ಕಷ್ಟೈತಿ, ಮುರಿಯೂದ ಎಲ್ಲಿಂದ ಬಂತು!" ಎಂದಳು ಮುದುಕಿ. ಬಹಳ ದಿನಗಳ ಮೇಲೆ ಹೆಂಗಸರು ಆ ಹೊಲದಲ್ಲಿ ಜೋರಾಗಿ ನಕ್ಕರು.

ಕಿತ್ತ ಬೊಡ್ಡೆ ಇನ್ನೂ ಒಡ್ಡಿನ ಬದಿಗೆ ಬಿದ್ದಿತ್ತು. ಸೀಳಲು ಯಾರಿಗೂ ಸಾಧ್ಯವಾಗಿರಲಿಲ್ಲ. ಮುರಿಗೆಪ್ಪ ಅದಕ್ಕೆ ಸರಪಳಿ ಸುತ್ತಿ, ಎಳೆದೊಯ್ದು, ಕಾಲುವೆಯ ಬದಿಯ ಚಿಗುರಿನ ಮಗ್ಗುಲಿಗೆ ಸರಿಯಾಗಿ ಕೂರಿಸಿದ. ಆಡುಗಳು ಬರದಂತೆ ಜಾಲಿ ಮುಳ್ಳಿನ ಬೇಲಿ ಕಟ್ಟಿದ. ಶಿವಗಂಗವ್ವ ಈಗ ದಿನಾ ಹೋಗಿ ಸತ್ತ ಬೊಡ್ಡೆಯ ಮೇಲೆ ಕೂತು, ಬದುಕಿದ ಕಡ್ಡಿಗಳನ್ನು ನೋಡುತ್ತಾಳೆ. ತಲೆಯ ಮೇಲೆ ಬಿಸಿಲು, ಸೆರಗು. ಹೆಂಗಸರೂ ಬುತ್ತಿ ಹಿಡಿದು ಅಲ್ಲಿಗೇ ಬರತೊಡಗಿದ್ದಾರೆ.

ಮುರಿಗೆಪ್ಪ ಬೇರು ಕೀಳುವುದನ್ನು ಬಿಟ್ಟಿಲ್ಲ. ಕರೆಯುವವರು ಕಡಿಮೆಯಾಗಿದ್ದಾರೆ. ಕರೆದಲ್ಲಿ ಹೋಗುತ್ತಾನೆ, ಸುತ್ತು ಬರುತ್ತಾನೆ, ಕೆರೆಯುತ್ತಾನೆ, ಮಣ್ಣು ಕೆದಕುತ್ತಾನೆ. ಆದರೆ ಒಣಗೇತಿ ಎನ್ನುವುದಿಲ್ಲ, ಹಸಿ ಐತಿ ಎಂದೂ ಅನ್ನುವುದಿಲ್ಲ. ಹೊಲದವನನ್ನು ಕರೆದು, ಕುಡುಗೋಲನ್ನು ಅವನ ಕೈಗೆ ಕೊಟ್ಟು, "ನೀವ ನೋಡ್ರಿ" ಎನ್ನುತ್ತಾನೆ. ಎರಡು ಕಾಲನ್ನೂ ಬೊಡ್ಡೆಯಿಂದ ಒಂದು ಮಾರು ದೂರ ಇಟ್ಟು ನಿಲ್ಲುತ್ತಾನೆ.

ಮೊನ್ನೆ ಬಾಕಿ ಸರಕು ಕೊಡಲು ಮೂಡಲಗಿಗೆ ಹೋದವನು ಆ ಹೊಲದ ಮೇಲೆ ಹಾದುಬಂದೆ. ಮುರಿಗೆಪ್ಪ ಬೇಲಿಯ ಮುಳ್ಳು ಸರಿಪಡಿಸುತ್ತಿದ್ದ. ಮುದುಕಿ ಬೊಡ್ಡೆಯ ಮೇಲೆ.

"ಮುರಿಗಿ, ನೆಳ್ಳ ಎಲ್ಲಿ ತನಕ ಬಂತೋ?"

ಅವನು ಬಗ್ಗಿ ನೋಡಿದ. "ನಿನ್ನ ಪಾದದ ತನಕ ಬಂದೈತಿ ಆಯಿ."

"ನಾ ಇರೂದರಾಗ ತಲಿಗೆ ಬರತೈತೇನು?"

ಮುರಿಗೆಪ್ಪ ಬಾಯಿ ತೆರೆದ. ಕಡ್ಡಿಗಳನ್ನು ನೋಡಿದ, ಮುದುಕಿಯನ್ನು ನೋಡಿದ, ಮತ್ತೆ ಬಾಯಿ ಮುಚ್ಚಿದ.

"ಹೂಂ ಅನ್ನಬಾರದೇನೋ, ಮಂಗ್ಯಾನಂಥಾವನ" ಎಂದಳು ಶಿವಗಂಗವ್ವ. "ಅಷ್ಟ ಸುಳ್ಳ ನಡಿತೈತಿ."

ಅವನು ಅನ್ನಲಿಲ್ಲ. ಹೋಗಿ ಕಾಲುವೆಯಿಂದ ಒಂದು ಕೊಡ ನೀರು ತುಂಬಿ ತಂದ.